ಲಾರಿಗೆ ಜಾತಕವಿದೆ, ಕಂಪನಿಗೆ?

ಅಡಿಕೆ ವರ್ತಕ ಚೀಲಕ್ಕೆ ಕೈ ಹಾಕಿ, ನಾಲ್ಕು ಅಡಿಕೆ ಕತ್ತರಿಸಿ ನೋಡದೆ ದರ ಹೇಳುವುದಿಲ್ಲ. ಬ್ಯಾಡಗಿಯ ಖರೀದಿದಾರ ಮೆಣಸಿನಕಾಯಿಯ ಬಣ್ಣ, ತೇವ ನೋಡದೆ ಟೆಂಡರ್ ಹಾಕುವುದಿಲ್ಲ. ಹೀಗೆ ಅಳೆದು ತೂಗಿ ಕೊಂಡ ಲಕ್ಷಾಂತರ ರೂಪಾಯಿಯ ಮಾಲನ್ನು ಸಂಜೆ ಹೊತ್ತಿಗೆ ಅವರೇ, ಹಿಂದೆಂದೂ ಕಾಣದ ಲಾರಿಗೆ ತುಂಬಿಸಿ ಕಳಿಸುತ್ತಾರೆ. ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ‘ಗಾಡಿ ಹೊರಟಿದೆ ಸಾರ್, ನಂಬರ್ ವಾಟ್ಸ್‌ಆ್ಯಪ್ ಮಾಡ್ತೀನಿ’ ಎಂದು ಫೋನ್ ಬಂದರೆ ಮುಗಿಯಿತು. ಗಾಡಿ ಯಾರದು, ಎಫ್‌.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಇದೆಯೇ, ಇನ್ಶೂರೆನ್ಸ್ ಕಟ್ಟಿದ್ದಾರೆಯೇ ಎಂದು ಕೇಳುವವರು ಕಡಿಮೆ. ಲೋಡು ದಾರಿಯಲ್ಲೇ ಕಾಣೆಯಾದಾಗ, ಇಲ್ಲವೇ ಘಾಟಿಯಲ್ಲಿ ಬ್ರೇಕ್ ಫೇಲಾದ ಲಾರಿ ಮುಂದಿನ ಕಾರಿಗೆ ಗುದ್ದಿದಾಗಲಷ್ಟೇ ಈ ಪ್ರಶ್ನೆಗಳು ಏಳುತ್ತವೆ.

ನಂಬರ್ ಪ್ಲೇಟ್ ಹೇಳುವಷ್ಟು

ಲಾರಿಯೊಂದರ ಜಾತಕ ತೆಗೆಯುವುದು ಈಗ ಕಷ್ಟವಲ್ಲ. ಕೇಂದ್ರ ಸರ್ಕಾರದ ‘ವಾಹನ್’ ಜಾಲತಾಣ ಅಥವಾ ‘ಎಂಪರಿವಾಹನ್’ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಯಾವ ಆರ್‌.ಟಿ.ಒ., ಯಾವಾಗ ನೋಂದಣಿಯಾಯಿತು, ಎಫ್‌.ಸಿ. ಮತ್ತು ವಿಮೆ ಎಲ್ಲಿಯವರೆಗೆ ಎಂಬ ವಿವರ ಸಿಗುತ್ತದೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮಾತ್ರ ಮರೆಮಾಡಿರುತ್ತಾರೆ.

ಮೊದಲು ನೋಡಬೇಕಾದ್ದು ಎಫ್‌.ಸಿ. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಪ್ರತಿ ವರ್ಷ ಎಫ್‌.ಸಿ. ಮಾಡಿಸಬೇಕು. ಅದು ಮುಗಿದಿದ್ದರೆ ಕಾನೂನಿನ ಕಣ್ಣಿಗೆ ಆ ಗಾಡಿಯ ನೋಂದಣಿಯೇ ಊರ್ಜಿತವಲ್ಲ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು.

ಎರಡನೆಯದು ವಿಮೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಲಾರಿಗೆ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆ ರಸ್ತೆಯಲ್ಲಿ ಪೆಟ್ಟು ತಿಂದವರಿಗೆ ಪರಿಹಾರ ಕೊಡುತ್ತದೆಯೇ ಹೊರತು ಲಾರಿಯೊಳಗಿನ ಮಾಲಿಗಲ್ಲ. ಮಾಲಿಗೆ ಬೇರೆ ಟ್ರಾನ್ಸಿಟ್ ಇನ್ಶೂರೆನ್ಸ್ ಮಾಡಿಸಬೇಕು.

ಮೂರನೆಯದು ಚಾಸಿ ನಂಬರ್. ಮಾಲು ಹೊತ್ತು ಮಾಯವಾಗುವವರು ಬಳಸುವುದು ಬೇರೊಂದು ಅಸಲಿ ಲಾರಿಯ ಸಂಖ್ಯೆಯನ್ನೇ. ಆ್ಯಪ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲೋಡಿಂಗ್‌ಗೆ ಮುಂಚೆ ಆರ್‌.ಸಿ.ಯಲ್ಲಿರುವ ಚಾಸಿ ಸಂಖ್ಯೆಯ ಕೊನೆಯ ಐದು ಅಂಕಿಗಳನ್ನು ಫ್ರೇಮಿನ ಮೇಲೆ ಕೊರೆದ ಸಂಖ್ಯೆಯ ಜೊತೆ ತಾಳೆ ನೋಡಿದರೆ ಈ ಮೋಸ ಬಯಲಾಗುತ್ತದೆ. ಗ್ರೀಸು, ಧೂಳು ಒರೆಸಲು ಒಂದು ಹಳೇ ಬಟ್ಟೆ ಬೇಕು, ಅಷ್ಟೆ. ಆ ಐದು ಅಂಕಿಗಳು ಕೈಯಲ್ಲಿದ್ದರೆ ಇ-ಚಲನ್ ತಾಣದಲ್ಲಿ ಬಾಕಿ ದಂಡಗಳನ್ನೂ ಹುಡುಕಬಹುದು, ಓ.ಟಿ.ಪಿ. ಮಾತ್ರ ಬೇಕಾಗುತ್ತದೆ. ಅತಿವೇಗ, ಓವರ್‌ಲೋಡ್ ಎಂಬ ಸಾಲುಗಳೇ ತುಂಬಿದ್ದರೆ ಆ ಗಾಡಿ ಹೇಗೆ ಓಡುತ್ತಿದೆ ಎಂಬುದನ್ನು ಬೇರೆ ಯಾರೂ ಹೇಳಬೇಕಿಲ್ಲ.

ಬೋರ್ಡಿನ ಹಿಂದೆ ಯಾರು?

ಇಷ್ಟೆಲ್ಲ ನೋಡಿದರೂ ಗೊತ್ತಾಗುವುದು ಆ ಒಂದು ಲಾರಿಯ ಕಥೆ ಮಾತ್ರ. ನೀವು ಬಾಡಿಗೆ ಮಾತಾಡಿದ್ದು ಕಂಪನಿಯ ಜೊತೆ. ನಮ್ಮಲ್ಲಿ ಒಂದೋ ಎರಡೋ ಲಾರಿ ಇಟ್ಟುಕೊಂಡ ಮಾಲೀಕರೇ ಹೆಚ್ಚು. ಟ್ರಾನ್ಸ್‌ಪೋರ್ಟ್ ಆಫೀಸು ಎಷ್ಟೋ ಸಲ ಲೋಡು ಹಿಡಿದು, ಮಾರ್ಕೆಟ್‌ನಲ್ಲಿ ಸಿಕ್ಕ ಗಾಡಿಗೆ ಹಾಕಿ, ಕಮಿಷನ್ ಉಳಿಸಿಕೊಳ್ಳುವ ಜಾಗ. ಬೋರ್ಡು ಬೆಂಗಳೂರಿನದು, ಚಾಲಕ ನಾಮಕ್ಕಲ್‌ನವನು, ನಂಬರ್ ಪ್ಲೇಟಿನಲ್ಲಿ ಎನ್‌.ಎಲ್‌. 01. ಹಾಗೆಂದು ಲಾರಿ ಕೊಹಿಮಾದಿಂದ ಬಂತೆಂದೇನೂ ಅಲ್ಲ. ತೆರಿಗೆ ಕಡಿಮೆಯೆಂದು ನಾಗಾಲ್ಯಾಂಡಿನಲ್ಲಿ ನೋಂದಾಯಿಸಿ ಬೇರೆಡೆ ಓಡಿಸುವವರಿದ್ದಾರೆ.

ಕಂಪನಿಯನ್ನು ಹಿಡಿದಿಡುವ ಕಾನೂನು ಇಲ್ಲದಿಲ್ಲ. ಬ್ರಿಟಿಷರ ಕಾಲದ 1865ರ ಕ್ಯಾರಿಯರ್ಸ್ ಕಾಯ್ದೆಯ ಜಾಗಕ್ಕೆ 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಬಂದು, 2011ರಲ್ಲಿ ಜಾರಿಯಾಯಿತು. ಊರವರ ಸರಕನ್ನು ಬಾಡಿಗೆಗೆ ಸಾಗಿಸುವ ದಂಧೆ ಮಾಡುವವರು ‘ಕಾಮನ್ ಕ್ಯಾರಿಯರ್’ ಎಂದು ನೋಂದಾಯಿಸಿಕೊಳ್ಳಲೇಬೇಕು. ಈ ನೋಂದಣಿಗೆ ಹತ್ತು ವರ್ಷದ ಅವಧಿ. ಆ ಸಂಖ್ಯೆಯನ್ನು ಕೇಳಿ ಪಡೆಯಿರಿ. ಜಿ.ಎಸ್‌.ಟಿ. ನಂಬರನ್ನು ಜಿ.ಎಸ್‌.ಟಿ. ಪೋರ್ಟಲ್‌ನಲ್ಲಿ ಹಾಕಿ ನೋಡಿ: ಕಾನೂನುಬದ್ಧ ಹೆಸರು, ಆರಂಭದ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ತಿಳಿಯುತ್ತದೆ. ಮೂವತ್ತು ವರ್ಷದ ಅನುಭವವೆಂದು ವಿಸಿಟಿಂಗ್ ಕಾರ್ಡಿನಲ್ಲಿ ಬರೆದುಕೊಂಡವರ ನೋಂದಣಿ ಹೋದ ತಿಂಗಳದ್ದಾಗಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಎಲ್‌.ಆರ್‌. (ಲಾರಿ ರಸೀದಿ) ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಬೇಕು. 2011ರ ನಿಯಮದಂತೆ, ಹೆಚ್ಚಿನ ರಿಸ್ಕ್ ದರಕ್ಕೆ ಒಪ್ಪಂದವಾಗಿರದಿದ್ದರೆ ಮಾಲು ಹಾಳಾದಾಗ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 40,000 ರೂಪಾಯಿಯಾದರೆ ಕೈಗೆ ಬರುವುದು ಹೆಚ್ಚೆಂದರೆ 4 ಲಕ್ಷ, ಲೋಡು 30 ಲಕ್ಷದ್ದಾಗಿದ್ದರೂ. ದೂರಿನ ನೋಟಿಸನ್ನು ಬುಕಿಂಗ್ ಆದ 180 ದಿನದೊಳಗೆ ಕೊಡಬೇಕು.

ಐವತ್ತು ಅಡಿ ದೂರಕ್ಕೆ ಕಾಣುವ ಸಂಖ್ಯೆ

ಅಮೆರಿಕದಲ್ಲಿ ಲೆಕ್ಕ ಬೇರೆ. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಪ್ರತಿ ಕಂಪನಿಗೂ ಅಲ್ಲಿನ ಸಾರಿಗೆ ಇಲಾಖೆಯ ಯು.ಎಸ್‌. ಡಾಟ್ ಸಂಖ್ಯೆ ಇರುತ್ತದೆ. ಅದನ್ನು ಕಂಪನಿಯ ಹೆಸರಿನೊಡನೆ ಟ್ರಕ್ಕಿನ ಎರಡೂ ಬದಿಯಲ್ಲಿ, ಹಗಲು ಬೆಳಕಿನಲ್ಲಿ 50 ಅಡಿ ದೂರದಿಂದ ಓದಲು ಬರುವಂತೆ ಬರೆಸಬೇಕು. 2000ನೇ ಇಸವಿಯಲ್ಲಿ ಆರಂಭವಾದ ಫೆಡರಲ್ ಮೋಟಾರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್ ಸಂಸ್ಥೆಯ ‘ಸೇಫರ್’ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಕಂಪನಿಯ ಪುಟ ತೆರೆಯುತ್ತದೆ. ಎಷ್ಟು ಟ್ರಕ್, ಎಷ್ಟು ಚಾಲಕರು, ಕಳೆದ 24 ತಿಂಗಳಲ್ಲಿ ಎಷ್ಟು ತಪಾಸಣೆ, ಎಷ್ಟು ಸಲ ಟ್ರಕ್ಕನ್ನು ಅಲ್ಲಿಯೇ ನಿಲ್ಲಿಸಲಾಯಿತು, ಪಕ್ಕದಲ್ಲೇ ರಾಷ್ಟ್ರೀಯ ಸರಾಸರಿ, ಕೊನೆಗೆ ಅಪಘಾತಗಳ ಸಂಖ್ಯೆ. ಅಪಘಾತದಲ್ಲಿ ತಪ್ಪು ಯಾರದೆಂದು ಈ ಪಟ್ಟಿ ಹೇಳುವುದಿಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ರಾಜ್ಯದಿಂದ ರಾಜ್ಯಕ್ಕೆ ಮನೆ ಬದಲಿಸುವ ಅಲ್ಲಿನ ಕನ್ನಡಿಗರೂ ಮೂವರ್ಸ್‌ಗೆ ಮುಂಗಡ ಕೊಡುವ ಮೊದಲು ನೋಡಬಹುದಾದ ಪುಟ ಇದು.

ಅಲ್ಲೂ ತೂತುಗಳಿವೆ. ಬಹುಪಾಲು ಕಂಪನಿಗಳಿಗೆ ಸುರಕ್ಷತಾ ಶ್ರೇಣಿಯೇ ಸಿಕ್ಕಿರುವುದಿಲ್ಲ. ಕಡತ ಕೆಟ್ಟ ಕೂಡಲೇ ಬಾಗಿಲು ಹಾಕಿ, ಅದೇ ಟ್ರಕ್ಕುಗಳೊಂದಿಗೆ ಹೊಸ ಹೆಸರಿನಲ್ಲಿ ಅಂಗಡಿ ತೆರೆಯುವವರನ್ನು ಅಲ್ಲಿ ‘ಗೋಸುಂಬೆ ಕಂಪನಿ’ ಎಂದೇ ಕರೆಯುತ್ತಾರೆ. ಆದರೂ ಹೆಸರು ಬದಲಿಸಿ ತಪ್ಪಿಸಿಕೊಳ್ಳಬೇಕು ಅನ್ನಿಸುವಷ್ಟು ಆ ಕಡತಕ್ಕೆ ಬೆಲೆಯಿದೆ ಎಂಬುದೂ ಇದರಿಂದ ಗೊತ್ತಾಗುತ್ತದೆ.

ನಮ್ಮಲ್ಲಿ ಬೇಕಾದ ಮಾಹಿತಿಯೆಲ್ಲ ಆಗಲೇ ಸರ್ಕಾರದ ಬಳಿ ಇದೆ. ನೋಂದಣಿ ವಾಹನ್‌ನಲ್ಲಿ, ದಂಡ ಇ-ಚಲನ್‌ನಲ್ಲಿ, ಯಾವ ಲಾರಿ ಯಾರ ಮಾಲು ಹೊತ್ತಿತೆಂಬುದು ಇ-ವೇ ಬಿಲ್‌ನಲ್ಲಿ, ಅಪಘಾತದ ವಿವರ ಐಐಟಿ ಮದ್ರಾಸ್ ರೂಪಿಸಿದ ‘ಐರ‍್ಯಾಡ್’ ದತ್ತಾಂಶದಲ್ಲಿ. ಆದರೆ ಇವು ಒಂದನ್ನೊಂದು ಕಂಪನಿಯ ಹೆಸರಿನಲ್ಲಿ ಭೇಟಿಯಾಗುವುದಿಲ್ಲ. ಕ್ಯಾರಿಯರ್ ನೋಂದಣಿ ಸಂಖ್ಯೆಯೊಂದನ್ನು ಕೊಂಡಿಯಾಗಿಸಿ ಸಾರ್ವಜನಿಕರ ಮುಂದಿಟ್ಟರೆ ಮೊದಲ ಲಾಭ ಒಳ್ಳೆಯ ಮಾಲೀಕನಿಗೇ. ಸಮಯಕ್ಕೆ ಟಯರ್ ಬದಲಿಸಿ, ಓವರ್‌ಲೋಡ್ ಒಲ್ಲೆನೆಂದು, ಚಾಲಕನಿಗೆ ನಿದ್ದೆಗೆ ಬಿಡುವು ಕೊಡುವವನಿಗೂ, ಇದ್ಯಾವುದನ್ನೂ ಮಾಡದವನಿಗೂ ಇವತ್ತು ಮಾರ್ಕೆಟ್‌ನಲ್ಲಿ ಒಂದೇ ಬಾಡಿಗೆ. ಮೊದಲನೆಯವನ ಎಚ್ಚರಿಕೆಗೆ ಪುರಾವೆ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೇಳುವ ಧೈರ್ಯ ಅವನಿಗೂ, ಕೊಡಲು ಕಾರಣ ನಮಗೂ ಇರುತ್ತದೆ.