ಛಾಯಾಚಿತ್ರಕ್ಕೊಂದು ಸ್ಥಳಮುದ್ರೆ

ಬೇಲೂರು, ಹಳೇಬೀಡುಗಳಿಗೆ ಪ್ರವಾಸ ಹೋಗಿಬಂದ ವಿದ್ಯಾರ್ಥಿಗಳಲ್ಲಿ ಛಾಯಾಚಿತ್ರಗಳಿಗೆ ಕೊರತೆಯಿರುವುದಿಲ್ಲ. ಆದರೆ ಒಂದು ವರ್ಷ ಕಳೆದ ಮೇಲೆ ಅವುಗಳಲ್ಲಿ ಒಂದನ್ನು ಮುಂದಿಟ್ಟು, ಇದು ಯಾವ ಊರಿನ ಗುಡಿ ಎಂದು ಕೇಳಿ ನೋಡಿ! ಅದೇ ಬಳಪದ ಕಲ್ಲು, ಅದೇ ಆನೆಗಳ ಸಾಲು, ಅದೇ ಲತಾಪಟ್ಟಿಕೆ. ಹೊಯ್ಸಳ ಶಿಲ್ಪಿಗಳು ನೂರಾರು ಊರುಗಳಲ್ಲಿ ಒಂದೇ ಸಂಪ್ರದಾಯವನ್ನು ಅನುಸರಿಸಿದುದರಿಂದ ನುರಿತವರೂ ತಡವರಿಸುವುದುಂಟು.

ಅರಸೀಕೆರೆಯ ಸಮೀಪದ ಹಾರನಹಳ್ಳಿಯನ್ನೇ ತೆಗೆದುಕೊಳ್ಳೋಣ. ಇಲ್ಲಿನ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳು ಸುಮಾರು 1235ರಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸೋದರರಿಂದ ನಿರ್ಮಿತವಾದುವು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಹಾರನಹಳ್ಳಿಯ ಹೆಸರು ಅದರಲ್ಲಿರಲಿಲ್ಲ. ಇಂತಹ ಊರಿನ ಚಿತ್ರಗಳು ವಿರಳ. ಇರುವ ಚಿತ್ರವೂ ಸ್ಥಳ ತಪ್ಪಿದರೆ, ಮುಂದೆ ಕಲ್ಲಿನ ಸವೆತವನ್ನು ಹೋಲಿಸಿ ನೋಡುವವರಿಗೆ ಅದರಿಂದ ಉಪಯೋಗವಿಲ್ಲ. ಬರಿಯ ಹೆಸರನ್ನು ಬರೆದಿಟ್ಟರೂ ಸಾಲದು. ಶಿವಮೊಗ್ಗ ತಾಲ್ಲೂಕಿನಲ್ಲಿ ಒಂದು ಹಾರನಹಳ್ಳಿ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೊಂದು! ಆದರೆ ಸುಮಾರು 13 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶ, 76 ಡಿಗ್ರಿ 13 ನಿಮಿಷ ಪೂರ್ವ ರೇಖಾಂಶ ಎಂದರೆ ಭೂಮಿಯ ಮೇಲೆ ಅದೊಂದೇ ಎಡೆ. ಚಿತ್ರದ ಕಡತದಲ್ಲಿಯೇ ಈ ಅಂಕಿಗಳನ್ನು ಅಡಗಿಸಿಡುವ ಕ್ರಮಕ್ಕೆ ಜಿಯೋಟ್ಯಾಗಿಂಗ್ ಎಂದು ಹೆಸರು. ನಾವು ಅದನ್ನು ಸ್ಥಳಮುದ್ರೆ ಎಂದು ಕರೆಯೋಣ.

ಅಂಕಿಗಳು ಬರುವುದು ಆಕಾಶದಿಂದ. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಮ್ಮ ಪರಮಾಣು ಗಡಿಯಾರಗಳ ವೇಳೆಯನ್ನು ರೇಡಿಯೋ ಸಂಕೇತಗಳಿಂದ ಎಡೆಬಿಡದೆ ಸಾರುತ್ತಿರುವುವು. ಸಂಕೇತವು ನಮ್ಮನ್ನು ಮುಟ್ಟಲು ಸೆಕೆಂಡಿನ ನೂರನೆಯ ಏಳು ಭಾಗದಷ್ಟು ಕಾಲ ಸಾಕು. ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುವುದು. ಮೂರು ಉಪಗ್ರಹಗಳ ದೂರ ತಿಳಿದರೆ ನಾವಿರುವ ಸ್ಥಳವನ್ನು ಗುರುತಿಸಬಹುದು; ನಮ್ಮ ಕೈಯ ಅಗ್ಗದ ಗಡಿಯಾರದ ದೋಷವನ್ನು ಕಳೆಯಲು ನಾಲ್ಕನೆಯದು ಬೇಕು. ಅಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ನೆಲದ ಮೇಲೆ 300 ಮೀಟರು ತಪ್ಪುವುದು. ಭಾರತವು 2013ರಿಂದ ಹಾರಿಸತೊಡಗಿದ ನಾವಿಕ್ ಉಪಗ್ರಹಗಳೂ ಇದೇ ತತ್ತ್ವದವು. ಅವುಗಳನ್ನು ನಿಯಂತ್ರಿಸುವ ಕೇಂದ್ರಗಳಲ್ಲೊಂದು ಇದೇ ಹಾಸನ ಜಿಲ್ಲೆಯಲ್ಲಿದೆ ಎಂಬುದನ್ನು ಹಾರನಹಳ್ಳಿಗೆ ಹೋಗುವವರು ನೆನೆಯಬಹುದು.

2008ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ6000 ಎಂಬ ಚಿಕ್ಕ ಕ್ಯಾಮೆರಾದಲ್ಲಿ ಜಿ.ಪಿ.ಎಸ್. ಗ್ರಾಹಕವು ಒಳಗೇ ಇತ್ತು. ಈಗಿನ ಮೊಬೈಲುಗಳಲ್ಲಂತೂ ಅದು ಸಾಮಾನ್ಯ. ಗ್ರಾಹಕವಿಲ್ಲದ ಕ್ಯಾಮೆರಾ ಉಳ್ಳವರಿಗೆ ಬೇರೊಂದು ಉಪಾಯವುಂಟು: ಮೊಬೈಲು ದಾರಿಯುದ್ದಕ್ಕೂ ಸ್ಥಳವನ್ನೂ ವೇಳೆಯನ್ನೂ ದಾಖಲಿಸುತ್ತಿರಲಿ, ಮನೆಗೆ ಬಂದ ಮೇಲೆ ಚಿತ್ರದ ವೇಳೆಯನ್ನು ಆ ದಾಖಲೆಯೊಡನೆ ಹೊಂದಿಸಿದರಾಯಿತು.

ಈ ಹೊಂದಿಕೆಯಲ್ಲಿಯೇ ನಾವು ಒಮ್ಮೆ ಮೋಸಹೋದೆವು. ಬೆಳಗ್ಗೆ ಅರಸೀಕೆರೆಯ ಶಿವಾಲಯವನ್ನು ನೋಡಿ, ಅಲ್ಲಿಂದ ಹಾರನಹಳ್ಳಿಗೆ ಹೋಗಿದ್ದೆವು. ಕ್ಯಾಮೆರಾದ ಗಡಿಯಾರ ಒಂದು ಗಂಟೆ ಹಿಂದೆ ಬಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಫಲವಾಗಿ ಹಾರನಹಳ್ಳಿಯ ಶಿಲ್ಪಗಳೆಲ್ಲ ನಕ್ಷೆಯಲ್ಲಿ ಅರಸೀಕೆರೆಯ ಮೇಲೆ ಕುಳಿತುಬಿಟ್ಟುವು! ಎರಡೂ ಹೊಯ್ಸಳ ಗುಡಿಗಳೇ ಆದ್ದರಿಂದ ನಮಗೆ ಸಂಶಯವೂ ಹುಟ್ಟಲಿಲ್ಲ. ಕೊನೆಗೆ ಆ ಸಾಲಿನ ಒಂದು ಚಿತ್ರದಲ್ಲಿ ಹಾರನಹಳ್ಳಿಯ ನಾಮಫಲಕವು ಕಂಡು ಗುಟ್ಟು ರಟ್ಟಾಯಿತು. ಇಂತಹ ತಪ್ಪು ಸ್ಥಳಮುದ್ರೆಯಿಲ್ಲದ ಚಿತ್ರಕ್ಕಿಂತ ಅಪಾಯಕರವೆಂದು ನಮಗೆ ತೋರುತ್ತದೆ. ಅಂಕಿಗಳನ್ನು ಕಂಡೊಡನೆ ನಾವು ಪ್ರಶ್ನಿಸುವುದನ್ನು ಬಿಟ್ಟುಬಿಡುತ್ತೇವೆ. ಅಂದಿನಿಂದ ಹೊರಡುವ ಮುನ್ನ ಮೊಬೈಲಿನ ಗಡಿಯಾರದ ಮುಖವನ್ನೇ ಮೊದಲ ಚಿತ್ರವಾಗಿ ತೆಗೆಯುತ್ತೇವೆ. ಎರಡು ವೇಳೆಗಳ ಅಂತರವೆಷ್ಟೆಂಬುದು ಅದರಿಂದಲೇ ಗೊತ್ತಾಗುವುದು. ಗಂಟೆಗೆ 60 ಕಿಲೋಮೀಟರು ವೇಗದ ಬಸ್ಸಿನಲ್ಲಿ ಒಂದು ನಿಮಿಷದ ತಪ್ಪು ಒಂದು ಕಿಲೋಮೀಟರಿನ ತಪ್ಪಾಗುವುದಷ್ಟೆ? ಉಪಗ್ರಹಗಳ ವೇಳೆಗಿಂತ ಭಾರತದ ವೇಳೆ ಐದೂವರೆ ಗಂಟೆ ಮುಂದಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗುಡಿಯ ಒಳಗೆ ಮತ್ತೊಂದು ತೊಡಕು. ನವರಂಗದ ದಪ್ಪ ಕಲ್ಲಿನ ಮಾಡನ್ನು ದಾಟಿ ಸಂಕೇತಗಳು ಬರಲಾರವು. ಕೆಲವು ಕ್ಯಾಮೆರಾಗಳು ಆಗ ಹಿಂದಿನ ಸ್ಥಳವನ್ನೇ ಮತ್ತೆ ಬರೆಯುವುವು. ಹೊರಗೋಡೆಯ ಬುಡದಲ್ಲಿ ನಿಂತರೆ ಸಂಕೇತಗಳು ಕಲ್ಲಿಗೆ ಬಡಿದು ಬಳಸಿ ಬರುವುದರಿಂದ ದೂರವು ಹೆಚ್ಚಾಗಿ ಕಾಣುವುದು. ತೆರೆದ ಬಯಲಿನಲ್ಲಿಯೂ ಕೆಲವು ಮೀಟರುಗಳ ವ್ಯತ್ಯಾಸ ಇದ್ದದ್ದೇ. ಲಕ್ಷ್ಮೀನರಸಿಂಹ ಗುಡಿಯನ್ನು ಸೋಮೇಶ್ವರ ಗುಡಿಯಿಂದ ಬೇರ್ಪಡಿಸಲು ಇಷ್ಟು ನಿಖರತೆ ಸಾಕು, ಒಂದು ವಿಗ್ರಹವನ್ನು ಅದರ ಪಕ್ಕದ ವಿಗ್ರಹದಿಂದ ಬೇರ್ಪಡಿಸಲು ಸಾಲದು. ಅದಕ್ಕೆ 'ದಕ್ಷಿಣ ಗೋಡೆ, ಬಾಗಿಲಿನಿಂದ ಮೂರನೆಯದು' ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದೇ ಉಪಾಯ.

ಊರ ಹೊರಗೆ ಕಾವಲಿಲ್ಲದೆ ನಿಂತ ಮೂರ್ತಿಯ ಚಿತ್ರವನ್ನು ಎಲ್ಲರಿಗೂ ಹಂಚುವಾಗ ಮಾತ್ರ ಸ್ಥಳಮುದ್ರೆಯನ್ನು ತೆಗೆದುಹಾಕುವುದು ಮೇಲು, ಏಕೆಂದರೆ ವಿಗ್ರಹಚೋರರೂ ನಕ್ಷೆಯನ್ನು ಓದಬಲ್ಲರು. ಮುದ್ರೆಯಿರುವ ಮೂಲಪ್ರತಿ ನಮ್ಮಲ್ಲಿಯೇ ಉಳಿಯಲಿ.