ಡಯಾಲಿಸಿಸ್ ಕೆಥೆಟರ್: ಯಾವುದು ಮೇಲು?

ಮನೆಯಲ್ಲೊಬ್ಬರಿಗೆ ಮೂತ್ರಪಿಂಡಗಳೆರಡೂ ಸೋತಾಗ ಕುಟುಂಬವೇ ತಲ್ಲಣಿಸುತ್ತದೆ. ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಸುಮಾರು 4 ಗಂಟೆ ಡಯಾಲಿಸಿಸ್ ನಡೆಯಬೇಕು. ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಯಂತ್ರಕ್ಕೆ ಹರಿದು, ಶುದ್ಧವಾಗಿ ಮರಳಬೇಕು. ಕೈಯ ಸಾಮಾನ್ಯ ರಕ್ತನಾಳ ಅಷ್ಟು ರಕ್ತವನ್ನು ಕೊಡಲಾರದು.

ಇದಕ್ಕೆ 1966ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಬ್ರೆಸಿಯಾ, ಸಿಮಿನೊ ಮತ್ತು ಸಂಗಡಿಗರು ಪರಿಹಾರವೊಂದನ್ನು ಪ್ರಕಟಿಸಿದರು. ಮಣಿಕಟ್ಟಿನ ಬಳಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಈ 'ಫಿಸ್ಟುಲಾ' ಇಂದಿಗೂ ಬಹುಪಾಲು ರೋಗಿಗಳಿಗೆ ಉತ್ತಮ ಮಾರ್ಗ. ಆದರೆ ಅದು ಬಲಿಯಲು ಹಲವು ವಾರಗಳು ಬೇಕು. ರಕ್ತನಾಳಗಳು ಕ್ಷೀಣಿಸಿದವರಲ್ಲಿ ಅದು ಫಲಿಸದೆಯೂ ಹೋಗಬಹುದು. ಅಂಥವರಿಗೆ ದೀರ್ಘಕಾಲದ ಕೆಥೆಟರ್ ಆಸರೆಯಾಗುತ್ತದೆ.

ಈ ಮೃದು ನಳಿಕೆಯನ್ನು ಸಾಮಾನ್ಯವಾಗಿ ಕುತ್ತಿಗೆಯ ಬಲಭಾಗದ ಅಭಿಧಮನಿಯ ಮೂಲಕ ಹೃದಯದ ಬಲ ಮೇಲ್ಕೋಣೆಯವರೆಗೆ ಇಳಿಸಿ, ಹೊರತುದಿಯನ್ನು ಎದೆಯ ಚರ್ಮದಡಿ ಸಾಗಿಸಿ ಹೊರತರುತ್ತಾರೆ. ಚರ್ಮದಡಿಯಲ್ಲಿರುವ ಡೇಕ್ರಾನ್ ಪಟ್ಟಿಗೆ ಕೆಲವು ವಾರಗಳಲ್ಲಿ ಅಂಗಾಂಶ ಬೆಳೆದುಕೊಂಡು, ನಳಿಕೆ ಭದ್ರವಾಗುತ್ತದೆ, ಸೋಂಕಿಗೂ ತಡೆಯಾಗುತ್ತದೆ. ಒಳಗಿನ ಎರಡು ದಾರಿಗಳಲ್ಲಿ ಒಂದು ರಕ್ತವನ್ನು ಸೆಳೆದರೆ, ಮತ್ತೊಂದು ಮರಳಿಸುತ್ತದೆ.

ವಿನ್ಯಾಸಗಳ ಮುಖ್ಯ ಭೇದವಿರುವುದು ಒಳತುದಿಯಲ್ಲಿ. ಮೆಟ್ಟಿಲು ತುದಿಯ ನಳಿಕೆಯಲ್ಲಿ ಮರಳುವ ದ್ವಾರ ಮುಂದಿದ್ದು, ಸೆಳೆಯುವ ದ್ವಾರ ಹಿಂದಿರುತ್ತದೆ. ಹರಿವು ಕುಂದಿದಾಗ ಕೊಳವೆಗಳನ್ನು ಅದಲುಬದಲು ಮಾಡಿದರೆ, ಶುದ್ಧಗೊಂಡ ರಕ್ತವೇ ಮತ್ತೆ ಯಂತ್ರಕ್ಕೆ ಹೋಗಿ ಶ್ರಮ ವ್ಯರ್ಥವಾಗುತ್ತದೆ. ಸೀಳು ತುದಿಯಲ್ಲಿ ಎರಡು ಕವಲುಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಪಕ್ಕದ ರಂಧ್ರಗಳಿಂದಲೂ ರಕ್ತ ಹರಿಯುತ್ತದೆ. ಸಮತುದಿಯಲ್ಲಿ ದ್ವಾರಗಳೆರಡೂ ಸರಿಸಮನಾಗಿದ್ದು, ಅದಲುಬದಲು ಮಾಡಿದರೂ ಈ ಮರುಹರಿವು ಅತ್ಯಲ್ಪ.

ಹಾಗಾದರೆ ಯಾವುದು ಮೇಲು? ಹರಿವಿನಲ್ಲಿ ವ್ಯತ್ಯಾಸವಿರುವುದು ನಿಜ. ಆದರೆ ರಕ್ತ ಹೆಪ್ಪುಗಟ್ಟುವುದನ್ನೂ ಸೋಂಕನ್ನೂ ಸಂಪೂರ್ಣವಾಗಿ ತಡೆಯುವ ವಿನ್ಯಾಸ ಇನ್ನೂ ಬಂದಿಲ್ಲ. ತುದಿಯ ಆಯ್ಕೆ ವೈದ್ಯರದು, ಆರೈಕೆ ಮನೆಯವರದು. ಪಟ್ಟಿ ನೆನೆಯದಂತೆ ನೋಡಿಕೊಳ್ಳೋಣ. ಮುಚ್ಚಳವನ್ನು ಮನೆಯಲ್ಲಿ ಎಂದಿಗೂ ತೆರೆಯದಿರೋಣ. ಚಳಿಜ್ವರ ಬಂದರೆ ಮಾತ್ರೆ ನುಂಗಿಸಿ ಕಾಯದೆ, ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯೋಣ. ರಕ್ತಕ್ಕೆ ಹಬ್ಬಿದ ಸೋಂಕು ಪ್ರಾಣಾಂತಿಕವಾಗಬಲ್ಲದು. ಮುಂದೆ ಫಿಸ್ಟುಲಾ ಸಾಧ್ಯವೇ ಎಂದು ವೈದ್ಯರನ್ನು ಕೇಳಿ, ಅದಕ್ಕೆ ಬೇಕಾಗುವ ಕೈಗೆ ಸೂಜಿ ಚುಚ್ಚದಂತೆ ಕಾಪಾಡೋಣ.

ನಳಿಕೆ ಎಷ್ಟೇ ಉತ್ತಮವಾಗಿರಲಿ, ಅದನ್ನು ಕಾಯುವುದು ಮನೆಯವರ ಎಚ್ಚರವೇ ಎಂಬುದನ್ನು ನಾವು ಮರೆಯಬಾರದು.