ಪಿಕಪ್ ವಾಹನಕ್ಕೆ ಜೋಡಿ ಚಕ್ರ: ಲಾಭವೇ, ನಷ್ಟವೇ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವ್ಯಾಪಾರದಲ್ಲಿ ಸಾಗಣೆ ವೆಚ್ಚವು ಲಾಭಾಂಶವನ್ನು ನಿರ್ಧರಿಸುವ ಮುಖ್ಯ ಅಂಶ. ಮೆಕ್ಕೆಜೋಳ, ಭತ್ತ, ಶುಂಠಿ, ಅನಾನಸ್, ಅಡಿಕೆ ಯಾವುದೇ ಇರಲಿ, ಶಿರಾಳಕೊಪ್ಪ, ಆನವಟ್ಟಿಗಳಿಂದ ಶಿವಮೊಗ್ಗಕ್ಕೋ ಸಾಗರಕ್ಕೋ ತಲಪುವಷ್ಟರಲ್ಲಿ ಬಾಡಿಗೆಯ ಹೊರೆ ಬೆಲೆಯೊಳಗೆ ಸೇರಿಹೋಗಿರುತ್ತದೆ. ಸಣ್ಣ ವ್ಯಾಪಾರಿಯ ಕೈಗೆಟುಕುವ ಪಿಕಪ್ ವಾಹನಗಳು ಮಾದರಿಗೆ ಅನುಗುಣವಾಗಿ ಒಂದೂಕಾಲು ಟನ್ನಿನಿಂದ ಎರಡು ಟನ್ನಿನವರೆಗೆ ಸರಕು ಹೊರುತ್ತವೆ. ಸುಗ್ಗಿಯ ಕಾಲದಲ್ಲಿ ಇದು ಸಾಲದೆಂದು ತೋರುವುದು ಸಹಜ. ಹಿಂದಿನ ಎರಡು ಚಕ್ರಗಳ ಬದಲಿಗೆ ನಾಲ್ಕು ಅಳವಡಿಸಿದರೆ ಇಮ್ಮಡಿ ಭಾರ ಹೊರಬಹುದಲ್ಲವೇ ಎಂಬ ಆಲೋಚನೆ ಹುಟ್ಟುವುದು ಇಲ್ಲಿಯೇ. ಯಂತ್ರಶಾಸ್ತ್ರ, ಕಾನೂನು ಮತ್ತು ಲೆಕ್ಕಪತ್ರ ಈ ಮೂರು ದೃಷ್ಟಿಗಳಿಂದಲೂ ಇದನ್ನು ಪರಿಶೀಲಿಸುವುದು ಅವಶ್ಯಕ.

ಭಾರ ಹೊರುವುದು ಟೈರ್ ಮಾತ್ರವಲ್ಲ

ಟೈರಿನ ಪಕ್ಕದಲ್ಲಿ 121/120 ಎಂಬಂತಹ ಭಾರಸೂಚಿ ಅಂಕಿಗಳಿರುತ್ತವೆ. ಮೊದಲನೆಯದು ಒಂಟಿಯಾಗಿ ಅಳವಡಿಸಿದಾಗ 1,450 ಕಿಲೋ, ಎರಡನೆಯದು ಜೋಡಿಯಾಗಿ ಅಳವಡಿಸಿದಾಗ ಪ್ರತಿ ಟೈರಿಗೆ 1,400 ಕಿಲೋ ಎಂದು ಸೂಚಿಸುತ್ತದೆ. ಈ ಲೆಕ್ಕದಂತೆ ನಾಲ್ಕು ಟೈರುಗಳು 5,600 ಕಿಲೋ ತಾಳಬಲ್ಲವು. ಆದರೆ ಆ್ಯಕ್ಸಲ್, ಬೇರಿಂಗ್, ಪಟ್ಟೆ ಸ್ಪ್ರಿಂಗ್, ಚಾಸಿ ಹಾಗೂ ಬ್ರೇಕ್ ಡ್ರಮ್ಮುಗಳು ಹಿಂದಿನವೇ ಆಗಿ ಉಳಿಯುತ್ತವೆ. ಇವುಗಳಲ್ಲಿ ಅತ್ಯಂತ ದುರ್ಬಲವಾದ ಭಾಗ ತಾಳುವಷ್ಟೇ ವಾಹನದ ನಿಜವಾದ ಸಾಮರ್ಥ್ಯ.

ಹೊರಚಕ್ರವನ್ನು ಸ್ಪೇಸರ್ ಮೂಲಕ ಸೇರಿಸಿದಾಗ ಭಾರ ಬೀಳುವ ಬಿಂದು ಹೊರಕ್ಕೆ ಸರಿದು ಆ್ಯಕ್ಸಲ್ ಬಾಗುವ ಒತ್ತಡ ಹೆಚ್ಚುತ್ತದೆ. ಅರೆತೇಲುವ ಬಗೆಯ ಆ್ಯಕ್ಸಲ್‌ನಲ್ಲಿ ಚಕ್ರವನ್ನು ತಿರುಗಿಸುವ ದಂಡವೇ ಭಾರವನ್ನೂ ಹೊರುವುದರಿಂದ, ಅದು ಮುರಿದರೆ ಚಕ್ರವೇ ಕಳಚಬಹುದು. ಮೂರು ಟನ್ನಿನ ಒಟ್ಟು ತೂಕ ನಾಲ್ಕೂವರೆ ಟನ್ನಿಗೆ ಏರಿದರೆ, ಅದೇ ವೇಗದಲ್ಲಿ ಬ್ರೇಕ್ ಹೀರಬೇಕಾದ ಶಕ್ತಿ ಒಂದೂವರೆ ಪಟ್ಟಾಗುತ್ತದೆ. ಜೋಡಿ ಟೈರುಗಳ ಅಳತೆ ಅಥವಾ ಗಾಳಿಯಲ್ಲಿ ವ್ಯತ್ಯಾಸವಿದ್ದರೆ ಒಂದೇ ಟೈರ್ ಹೆಚ್ಚು ಭಾರ ಹೊತ್ತು ಬಿಸಿಯಾಗಿ ಸಿಡಿಯುತ್ತದೆ. ಅಮೆರಿಕಾದ ಜನರಲ್ ಮೋಟಾರ್ಸ್ 1973ರಲ್ಲಿ ಜೋಡಿ ಚಕ್ರದ ಪಿಕಪ್‌ಗಳನ್ನು ಮಾರುಕಟ್ಟೆಗೆ ತಂದಾಗ ಅವು ಕಾರ್ಖಾನೆಯಲ್ಲೇ ಆ ಭಾರಕ್ಕೆಂದು ರೂಪಿತವಾದ ವಾಹನಗಳಾಗಿದ್ದವು ಎಂಬುದನ್ನು ಗಮನಿಸಬೇಕು.

ಕಾನೂನಿನ ನಿಲುವು

ಮೋಟಾರು ವಾಹನ ಕಾಯಿದೆ 1988ರ 58ನೇ ಕಲಂ ಪ್ರಕಾರ ಸರಕು ವಾಹನದ ನೋಂದಣಿಯಲ್ಲಿ ಟೈರುಗಳ ಸಂಖ್ಯೆ, ಸ್ವರೂಪ, ಅಳತೆ, ಒಟ್ಟು ತೂಕ ಹಾಗೂ ಆ್ಯಕ್ಸಲ್ ತೂಕಗಳು ದಾಖಲಾಗುತ್ತವೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಕಲಂ ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ನಂತರ ಅನಧಿಕೃತವಾಗಿ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಅಧಿಕ ಭಾರಕ್ಕೆ 194ನೇ ಕಲಂ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ಹೇಳುತ್ತದೆ. ಸ್ಥಳದಲ್ಲೇ ಪಾವತಿಸಿ ರಾಜಿ ಮಾಡಿಕೊಳ್ಳುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿಪಡಿಸಬಹುದು. ಹೆಚ್ಚುವರಿ ಸರಕನ್ನು ಇಳಿಸುವವರೆಗೆ ವಾಹನ ಮುಂದೆ ಸಾಗುವಂತಿಲ್ಲ. ಇಳಿಸುವ ಖರ್ಚೂ ಪ್ರತ್ಯೇಕ. ಚಾಲಕನಷ್ಟೇ ಅಲ್ಲ, ಹಾಗೆ ಚಲಾಯಿಸಲು ಕಾರಣನಾದವನೂ, ಅವಕಾಶ ಕೊಟ್ಟವನೂ ಹೊಣೆಗಾರನೆಂದು ಕಾಯಿದೆ ಹೇಳುವುದರಿಂದ ಸರಕಿನ ಒಡೆಯನೂ ನಿಶ್ಚಿಂತನಾಗಿರುವಂತಿಲ್ಲ. ಅಪಘಾತವಾದಲ್ಲಿ ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಪರಿಹಾರಕ್ಕೆ ತೊಡಕಾಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ಉದಾಹರಣೆಗೆ, 15 ಕ್ವಿಂಟಾಲ್ ಸಾಮರ್ಥ್ಯದ ಪಿಕಪ್‌ನ ಒಂದು ಸರದಿಗೆ ರೂ. 3,000 ವೆಚ್ಚವೆಂದು ಭಾವಿಸೋಣ. 30 ಕ್ವಿಂಟಾಲ್ ಮೆಕ್ಕೆಜೋಳಕ್ಕೆ ಎರಡು ಸರದಿ, ರೂ. 6,000. ಮಾರ್ಪಡಿಸಿದ ವಾಹನದಲ್ಲಿ ಒಂದೇ ಸರದಿಗೆ ರೂ. 3,600 ತಗುಲಿದರೆ ಉಳಿತಾಯ ರೂ. 2,400. ಆದರೆ ಒಮ್ಮೆ ಸಿಕ್ಕಿಬಿದ್ದು ರೂ. 22,000 ದಂಡ ತೆತ್ತರೆ ಒಂಬತ್ತು ಸರದಿಗಳ ಉಳಿತಾಯ ಕರಗಿಹೋಗುತ್ತದೆ. ಟೈರು, ರಿಮ್ಮು, ಕೂಲಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ವೆಚ್ಚವನ್ನು ಹಾಗೂ ಅಪರಾಧದ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರ ವೆಚ್ಚವೆಂದು ಕಳೆಯಲೂ ಬರುವುದಿಲ್ಲ.

ಇದಕ್ಕೆ ಬದಲಾಗಿ 35 ಕ್ವಿಂಟಾಲ್ ಹೊರಲು ನೋಂದಣಿಯಾದ ಆರು ಚಕ್ರದ ಲಘು ಲಾರಿ ರೂ. 4,200 ಬಾಡಿಗೆಗೆ ದೊರೆತರೆ ಪೂರ್ಣ ಭಾರಕ್ಕೆ ಕ್ವಿಂಟಾಲಿಗೆ ರೂ. 120 ಆಗುತ್ತದೆ. ಮಾರ್ಪಡಿಸಿದ ಪಿಕಪ್‌ನ ದರವೂ ಅಷ್ಟೇ! ಅಕ್ಕಪಕ್ಕದ ಇಬ್ಬರು ವ್ಯಾಪಾರಿಗಳು ಸರಕು ಕೂಡಿಸಿದರೆ ಈ ದರ ಇಬ್ಬರಿಗೂ ಸಿಗುತ್ತದೆ.

ನಿರಂತರ ಸರಕು ಇರುವವರಿಗೆ 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407ರ ವರ್ಗದ ವಾಹನವನ್ನು ಕೊಳ್ಳುವುದೇ ಸೂಕ್ತ. ಸರಕು ವಾಹನಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನೋಂದಾಯಿತ ವ್ಯಾಪಾರಿ ಒಣ ಅಡಿಕೆಯಂತಹ ತೆರಿಗೆಯುಕ್ತ ಸರಕಿನ ವಹಿವಾಟಿಗೆ ವಾಹನ ಬಳಸಿದಲ್ಲಿ ಹೂಡುವಳಿ ತೆರಿಗೆ ಜಮೆಯೂ ಲಭ್ಯ. ತೆರಿಗೆಮುಕ್ತ ಸರಕಿಗಷ್ಟೇ ಬಳಸಿದರೆ ಅದು ದೊರೆಯದು. ಚಾಲಕನ ಪರವಾನಗಿಯ ಚಿಂತೆಯೂ ಕಡಿಮೆಯಾಗಿದೆ: ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನ ಪರವಾನಗಿಯಲ್ಲೇ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಆದ್ದರಿಂದ ಚಕ್ರ ಸೇರಿಸುವ ಮುನ್ನ ವ್ಯಾಪಾರಿಯು ನೋಂದಣಿ ಪತ್ರದಲ್ಲಿನ ಒಟ್ಟು ತೂಕವನ್ನು ನೋಡಿ, ವರ್ಷದ ಒಟ್ಟು ಸರಕನ್ನು ಕ್ವಿಂಟಾಲಿನಲ್ಲಿ ಬರೆದು ಭಾಗಿಸಿ ನೋಡಲಿ. ಸುಗ್ಗಿಯ ಎರಡು ತಿಂಗಳಿಗೆ ಮಾತ್ರ ಕೊರತೆ ಕಂಡರೆ ಬಾಡಿಗೆ ಲಾರಿ, ವರ್ಷವಿಡೀ ಕಂಡರೆ ದೊಡ್ಡ ವಾಹನ. ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಬಂಡವಾಳವೂ ಚಾಲಕನ ಪ್ರಾಣವೂ ಸುರಕ್ಷಿತ.